ಕೋಳಿಯ ಆಹಾರದಲ್ಲಿ ಔಷಧ ಬೆರೆಸುವುದರಿಂದುಂಟಾಗುವ ಕೇಡು

ರೋಗವಿಲ್ಲದ ಕೋಳಿಗಳಿಗೂ ಆಂಟಿಬಯೋಟಿಕ್ ಎಂಬ ರೋಗಾಣುನಾಶಕ ಔಷಧಗಳನ್ನು ಸ್ವಲ್ಪಸ್ವಲ್ಪವಾಗಿ ಆಹಾರದಲ್ಲಿ ಬೆರೆಸಿ ಕೊಟ್ಟರೆ ಅವು ಬೇಗನೆ ಬೆಳೆಯುವುವೆಂಬ ಸಂಗತಿಯು ೧೯೫೦ರ ಸುಮಾರಿನಲ್ಲಿ ಅಮೆರಿಕಾ ದೇಶದಲ್ಲಿ ಬೆಳಕಿಗೆ ಬಂದಿತು. ಈ ಪದ್ಧತಿಯು ಅನೇಕ ದೇಶಗಳಿಗೆ ಹರಡಿತು. ಇದರಿಂದ ಸಾಕುವವರಿಗೆ ಲಾಭವುಂಟಾದರೂ, ಜನರ ಆರೋಗ್ಯಕ್ಕೆ ಒದಗುವ ಕೇಡು ಅದಕ್ಕಿಂತ ಹೆಚ್ಚಿನದು. ಕೊಲಿಸ್ಟಿನ್ ಎಂಬ ಔಷಧದ ವೃತ್ತಾಂತದಿಂದ ಇದು ಸ್ಪಷ್ಟವಾಗುವುದು.

ಈ ಔಷಧವು ಮೂತ್ರಪಿಂಡಗಳಿಗೆ ಹಾನಿಕರವಾದುದರಿಂದ ವೈದ್ಯರು ಇದನ್ನು ಬಹುಕಾಲ ಬದಿಗಿಟ್ಟಿದ್ದರು. ಆದರೆ ಉಳಿದ ಔಷಧಗಳಿಗೆ ಬಗ್ಗದ ರೋಗಾಣುಗಳು ಹೆಚ್ಚಿದ ಮೇಲೆ, ಸೋಂಕಿನಿಂದ ಪ್ರಾಣಾಪಾಯದಲ್ಲಿರುವ ರೋಗಿಗೆ ಕೊಡಬಹುದಾದ ಕಡೆಯ ಮದ್ದುಗಳಲ್ಲಿ ಇದೂ ಒಂದಾಯಿತು. ಇಂತಹ ಮದ್ದನ್ನೇ ಕೋಳಿಗಳ ತೂಕವನ್ನು ಹೆಚ್ಚಿಸುವುದಕ್ಕಾಗಿ ಭಾರತದಲ್ಲಿಯೂ ಬಳಸುತ್ತಿದ್ದರು.

ಕೇಡುಂಟಾಗುವ ಬಗೆ ಹೇಗೆಂದರೆ: ಅಲ್ಪಪ್ರಮಾಣದ ಔಷಧವು ಕರುಳಿನಲ್ಲಿರುವ ದುರ್ಬಲವಾದ ರೋಗಾಣುಗಳನ್ನು ಮಾತ್ರ ಕೊಲ್ಲುವುದು, ಔಷಧವನ್ನು ತಡೆದುಕೊಳ್ಳಬಲ್ಲವು ಉಳಿದು ವೃದ್ಧಿಹೊಂದುವುವು. ಪೈರನ್ನು ಕಿತ್ತು ಕಳೆಯನ್ನು ಬಿಟ್ಟರೆ ಹೊಲವೆಲ್ಲ ಕಳೆಯಾಗುವಂತೆ ಇದು ನಡೆಯುವುದು. ಈ ರೋಗಾಣುಗಳು ಹಿಕ್ಕೆಯ ಮೂಲಕ ಗೊಬ್ಬರಕ್ಕೂ ನೀರಿಗೂ, ಮಾಂಸದ ಮೂಲಕ ಅದನ್ನು ಕೊಯ್ಯುವವರ ಕೈಗಳಿಗೂ ಸೇರುವುವು. ಚೆನ್ನಾಗಿ ಬೇಯಿಸಿದರೆ ಮಾಂಸದಲ್ಲಿರುವ ರೋಗಾಣುಗಳು ಸಾಯುವುವಾದರೂ ಉಳಿದ ದಾರಿಗಳು ತೆರೆದೇ ಇರುವುವು. ಕೊಲಿಸ್ಟಿನನ್ನು ತಡೆಯುವ ಶಕ್ತಿಯು ಒಂದು ರೋಗಾಣುವಿನಿಂದ ಮತ್ತೊಂದಕ್ಕೆ ದಾಟಬಲ್ಲುದೆಂಬುದನ್ನು ೨೦೧೫ರಲ್ಲಿ ಚೀನಾ ದೇಶದ ವಿಜ್ಞಾನಿಗಳು ಪ್ರಕಟಿಸಿದರು. ಅಲ್ಲಿ ಹಂದಿಗಳಲ್ಲಿಯೂ, ಮಾರಾಟದ ಮಾಂಸದಲ್ಲಿಯೂ, ಆಸ್ಪತ್ರೆಯ ರೋಗಿಗಳಲ್ಲಿಯೂ ಅಂತಹ ರೋಗಾಣುಗಳು ಕಂಡುಬಂದವು.

ಯೂರೋಪಿನ ಒಕ್ಕೂಟದವರು ಬೆಳವಣಿಗೆಗಾಗಿ ಆಂಟಿಬಯೋಟಿಕ್‌ಗಳನ್ನು ಬೆರೆಸುವುದನ್ನು ೨೦೦೬ನೆಯ ಇಸವಿ ಜನವರಿ ೧ರಿಂದ ನಿಲ್ಲಿಸಿದರು. ಆಹಾರಕ್ಕಾಗಿ ಸಾಕುವ ಪಶುಗಳು, ಕೋಳಿಗಳು ಮತ್ತು ಮೀನುಗಳ ಉಪಯೋಗಕ್ಕಾಗಿ ಕೊಲಿಸ್ಟಿನನ್ನು ತಯಾರಿಸುವುದನ್ನೂ ಮಾರುವುದನ್ನೂ ಭಾರತ ಸರ್ಕಾರದವರು ೨೦೧೯ನೆಯ ಇಸವಿ ಜುಲೈ ತಿಂಗಳಲ್ಲಿ ನಿಷೇಧಿಸಿರುತ್ತಾರೆ.

ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಈ ವಿಷಯವನ್ನು ಕೋಳಿ ಸಾಕುವವರಿಗೆ ತಿಳಿಯಹೇಳತಕ್ಕದ್ದು. ಆಹಾರದ ಚೀಲವನ್ನು ಕೊಳ್ಳುವ ಮುನ್ನ ಅದರ ಮೇಲಿನ ವಿವರಗಳನ್ನು ಓದಿ ನೋಡಬೇಕು. ಹೆಸರಿಲ್ಲದ ಪುಡಿಗಳನ್ನು ಬೆರೆಸಕೂಡದು. ಶುದ್ಧವಾದ ನೀರು, ಒಣಗಿದ ಹಾಸು, ಗಾಳಿಯಾಡುವ ಕೋಳಿಮನೆ, ಕಾಲಕ್ಕೆ ಸರಿಯಾದ ಲಸಿಕೆ ಇವುಗಳಿಂದ ಅನೇಕ ರೋಗಗಳು ದೂರವಾಗುವುವು. ರೋಗ ಬಂದಲ್ಲಿ ಪಶುವೈದ್ಯರ ಸಲಹೆಯಂತೆಯೇ ಔಷಧ ಕೊಡಬೇಕು. ಅವರು ಗೊತ್ತುಮಾಡಿದ ದಿನಗಳು ಕಳೆಯುವವರೆಗೆ ಮೊಟ್ಟೆಯನ್ನಾಗಲಿ ಮಾಂಸವನ್ನಾಗಲಿ ಮಾರಕೂಡದು. ಕೋಳಿಯ ತೂಕದಲ್ಲಿ ದೊರೆಯುವ ಅಲ್ಪಲಾಭಕ್ಕಾಗಿ ಊರಿನವರ ಕಡೆಯ ಮದ್ದನ್ನು ಕಳೆದುಕೊಳ್ಳುವುದು ವಿವೇಕವಲ್ಲ.