ಬೇಕಂತಲೇ ರೋಗ ಬೆಳೆಸುವ ಹೊಲ



ಹೋದ ಎಳ್ಳ ಅಮಾಸಿ ದಿನ ನಾವೆಲ್ಲ ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದೆವು. ಸಜ್ಜಿ ರೊಟ್ಟಿ, ಭಜ್ಜಿಯ ಬುತ್ತಿ ಬಿಚ್ಚುವ ಮೊದಲೇ ಅಪ್ಪನ ಮುಖ ಸಣ್ಣದಾಯಿತು. ಕಾಯಿ ಕಟ್ಟಿದ ತೊಗರಿ ಗಿಡಗಳು ಅಲ್ಲಲ್ಲಿ ನಿಂತಲ್ಲೇ ಒಣಗಿದ್ದವು. ನೆಲದಲ್ಲಿ ಹಸಿ ಇತ್ತು, ಆದರೂ ಗಿಡ ಸತ್ತಿತ್ತು.

"ಯಾರದೋ ಕಣ್ಣು ಬಿದ್ದದ" ಎಂದಳು ಅವ್ವ. "ಬೀಜಾನೇ ಖೊಟ್ಟಿ ಅದ" ಎಂದರು ಅಪ್ಪ. ಮುತ್ಯಾ ಮಾತ್ರ, "ಇದು ನೆಟಿ ರೋಗ. ವರ್ಷಾ ವರ್ಷಾ ಇದೇ ಹೊಲದಾಗ ತೊಗರಿನೇ ಹಾಕ್ತೀರಿ, ಇನ್ನೇನ್ ಆಗ್ತದ?" ಎಂದರು.

ಮೂವರದು ಮೂರು ಮಾತು. ಯಾರದು ಖರೆ? "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆ ನಮಗೆಲ್ಲ ಗೊತ್ತು. ಹೀಗೆ ಪ್ರಮಾಣಿಸಿ ನೋಡುವುದಕ್ಕೇ ವಿಜ್ಞಾನದಲ್ಲಿ ಪ್ರಯೋಗ ಎನ್ನುತ್ತಾರೆ. ಪ್ರಯೋಗ ಎಂದರೆ ಬರೀ ಗಾಜಿನ ನಳಿಗೆಯಲ್ಲಿ ಆಸಿಡ್ ಹಾಕುವುದಲ್ಲ. ನಮ್ಮ ತೊಗರಿಯ ಮೇಲೆ ನಡೆದ ಪ್ರಯೋಗಗಳನ್ನು ಇಲ್ಲಿ ಬರೆದಿದ್ದೇನೆ.

ನೆಟೆ ರೋಗ ಎಂದರೇನು?

ಒಣಗಿದ ಒಂದು ಗಿಡ, ಹಸಿರಾಗಿರುವ ಒಂದು ಗಿಡ ಕಿತ್ತು ತನ್ನಿ. ಎರಡರ ಕಾಂಡವನ್ನೂ ಕುಡಗೋಲಿನಿಂದ ಉದ್ದಕ್ಕೆ ಸೀಳಿ. ಒಳ್ಳೆಯ ಗಿಡದ ಒಳಗೆ ಬೆಳ್ಳಗೆ ಇರುತ್ತದೆ. ನೆಟೆ ಬಿದ್ದ ಗಿಡದ ಒಳಗೆ ಕಂದು, ಕಪ್ಪು ಗೆರೆಗಳು ಕಾಣುತ್ತವೆ. ಬೇರಿನಿಂದ ನೀರು ಮೇಲೆ ಹೋಗುವ ನಾಳಗಳು ಅಲ್ಲಿ ಕಟ್ಟಿಕೊಂಡಿವೆ. ಅದಕ್ಕೇ ನೆಲದಲ್ಲಿ ಹಸಿ ಇದ್ದರೂ ಗಿಡಕ್ಕೆ ನೀರು ಸಿಗುವುದಿಲ್ಲ. ನೀರು ಹಾಯಿಸಿದರೂ, ಯೂರಿಯಾ ಹಾಕಿದರೂ ಅದು ಏಳುವುದಿಲ್ಲ.

ಹೀಗೆ ಮಾಡುವುದು ಮಣ್ಣಿನಲ್ಲಿರುವ ಒಂದು ಶಿಲೀಂಧ್ರ, ಅಂದರೆ ಹಳೆ ರೊಟ್ಟಿಗೆ ಬರುವ ಬೂಷ್ಟಿನ ಜಾತಿಯದು. ಬಿಹಾರದ ಪೂಸಾದಲ್ಲಿದ್ದ ಬಟ್ಲರ್ ಎಂಬ ವಿಜ್ಞಾನಿ 1906ರಲ್ಲಿ ಈ ರೋಗದ ಬಗ್ಗೆ ಬರೆದರು. 1910ರಲ್ಲಿ ಶಿಲೀಂಧ್ರಕ್ಕೆ ಫ್ಯುಸೇರಿಯಂ ಉಡಂ ಎಂದು ಹೆಸರಿಟ್ಟರು. ಇದು ಬೇರಿನಿಂದ ಒಳಗೆ ನುಗ್ಗುತ್ತದೆ. ಗಿಡ ಸತ್ತ ಮೇಲೂ ಕೂಳೆಯಲ್ಲಿ ಹಲವು ವರ್ಷ ಬದುಕಿರುತ್ತದೆ.

ರೋಗದ ಹೊಲ

ಈ ರೋಗ ತಡೆಯುವ ತಳಿ ಹುಡುಕುವುದು ಹೇಗೆ? ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಇಕ್ರಿಸ್ಯಾಟ್ ಎಂಬ ಸಂಶೋಧನಾ ಸಂಸ್ಥೆ ಶುರುವಾಯಿತು. ಅಲ್ಲಿ ಬೇಕಂತಲೇ ಒಂದು ಹೊಲಕ್ಕೆ ರೋಗ ತರಿಸಿದರು! ಬೇಗ ಸಾಯುವ ತಳಿಯನ್ನು ವರ್ಷಾ ವರ್ಷಾ ಅದೇ ಹೊಲದಲ್ಲಿ ಬಿತ್ತುವುದು, ಸತ್ತ ಗಿಡ ಕತ್ತರಿಸಿ ಅದೇ ಮಣ್ಣಿಗೆ ಸೇರಿಸುವುದು. ನಾವು ತಿಳಿಯದೆ ಮಾಡುವ ತಪ್ಪನ್ನೇ ಅವರು ತಿಳಿದು ಮಾಡಿದರು. ಆಮೇಲೆ ಆ ಹೊಲದಲ್ಲಿ ನೂರಾರು ತಳಿಗಳನ್ನು ಸಾಲುಸಾಲಾಗಿ ಬಿತ್ತಿ, ಯಾವುದು ಬದುಕುತ್ತದೆ ಎಂದು ನೋಡಿದರು.

ಇಲ್ಲಿ ಒಂದು ಜಾಣತನ ಇದೆ. ನಡುನಡುವೆ ಸಾಯುವ ತಳಿಯ ಸಾಲನ್ನೂ ಬಿತ್ತುತ್ತಾರೆ. ಸಾಯುವುದನ್ನು ಯಾಕೆ ಬಿತ್ತಬೇಕು ಅಂತೀರಾ? ಹೊಸ ತಳಿ ಬದುಕಿತು ಎನ್ನೋಣ. ಅದು ಗಟ್ಟಿ ಇದ್ದುದಕ್ಕೆ ಬದುಕಿತೋ, ಆ ಜಾಗದಲ್ಲಿ ರೋಗವೇ ಇರಲಿಲ್ಲವೋ? ಪಕ್ಕದ ಸಾಲು ಸತ್ತಿದ್ದರೆ ಮಾತ್ರ ಗೊತ್ತಾಗುತ್ತದೆ. ಹೋಲಿಸಲು ಎರಡನೇ ಸಾಲು ಇಲ್ಲದಿದ್ದರೆ ಅದು ಪ್ರಯೋಗವೇ ಅಲ್ಲ.

ಇಂಥ ಪರೀಕ್ಷೆ ಗೆದ್ದ ಒಂದು ತಳಿ ಐಸಿಪಿ 8863. ಇದನ್ನು ಮಹಾರಾಷ್ಟ್ರದ ಒಂದು ನಾಟಿ ತೊಗರಿಯಿಂದ ಆರಿಸಿದ್ದು. 1986ರಲ್ಲಿ ಇದು ಕರ್ನಾಟಕದಲ್ಲಿ "ಮಾರುತಿ" ಎಂಬ ಹೆಸರಿನಿಂದ ಬಿಡುಗಡೆಯಾಯಿತು. ನಮ್ಮ ಹಿರಿಯರಿಗೆ ಈ ಹೆಸರು ಚೆನ್ನಾಗಿ ಗೊತ್ತು.

ಗೊಡ್ಡು ರೋಗ ಮತ್ತು ಸ್ಟೇಪ್ಲರ್

ಆದರೆ ಒಂದು ರೋಗ ಗೆದ್ದವನು ಎಲ್ಲ ರೋಗ ಗೆದ್ದ ಹಾಗಲ್ಲ. ಗೊಡ್ಡು ರೋಗ ಎಂದು ಇನ್ನೊಂದಿದೆ. ಅದು ಬಂದ ಗಿಡ ಸಾಯುವುದಿಲ್ಲ, ಪೊದೆಯ ಹಾಗೆ ಬೆಳೆಯುತ್ತದೆ. ಎಲೆ ಸಣ್ಣದಾಗಿ ತಿಳಿ ಹಳದಿ ಮಚ್ಚೆ ಬೀಳುತ್ತದೆ. ಹೂವಿಲ್ಲ, ಕಾಯಿಲ್ಲ. ನೆಟೆ ತಡೆಯುವ ಮಾರುತಿಗೆ ಈ ಗೊಡ್ಡು ರೋಗ ಎಷ್ಟು ಬೇಗ ಹತ್ತುತ್ತದೆ ಎಂದರೆ, ಗೊಡ್ಡು ರೋಗದ ಪರೀಕ್ಷೆಯಲ್ಲಿ ಹೋಲಿಕೆಗಾಗಿ ಬಿತ್ತುವ ಸಾಲೇ ಮಾರುತಿಯದು!

ಈ ರೋಗ 1931ರಲ್ಲಿ ಪೂಸಾದಲ್ಲಿ ವರದಿಯಾಯಿತು. ಇದನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಒಂದು ನುಸಿ ಎಂದು 1962ರಲ್ಲಿ ತಿಳಿಯಿತು. ಬರಿಗಣ್ಣಿಗೆ ಕಾಣದ ಈ ಪ್ರಾಣಿ ಒಂದು ಮಿಲಿಮೀಟರಿನ ಐದನೇ ಒಂದು ಪಾಲಿನಷ್ಟು ಉದ್ದ. ಜೇಡದ ಬಳಗದ್ದಾದರೂ ಇದಕ್ಕೆ ಎಂಟು ಕಾಲಿಲ್ಲ, ನಾಲ್ಕೇ ಕಾಲು. ರೆಕ್ಕೆಯೂ ಇಲ್ಲ, ಗಾಳಿಯೇ ಅದರ ಬಸ್ಸು. ಇಷ್ಟು ಸಣ್ಣ ಪ್ರಾಣಿಯನ್ನು ಹಿಡಿದು ಇನ್ನೊಂದು ಗಿಡದ ಮೇಲೆ ಬಿಡುವುದು ಹೇಗೆ? ಇಕ್ರಿಸ್ಯಾಟ್‌ನ ನೇನೆ ಮತ್ತು ರೆಡ್ಡಿ ಎಂಬ ವಿಜ್ಞಾನಿಗಳು 1976ರಲ್ಲಿ ಸುಲಭದ ಉಪಾಯ ಹೇಳಿದರು. ರೋಗದ ಎಲೆಯನ್ನು ಎಳೆ ಸಸಿಯ ಎಲೆಗೆ ಮಡಚಿ, ನಮ್ಮ ಶಾಲೆಯ ಆಫೀಸಿನಲ್ಲಿರುವಂಥ ಸ್ಟೇಪ್ಲರಿನಿಂದ ಪಿನ್ ಹೊಡೆಯುವುದು. ಕಿತ್ತ ಎಲೆ ಒಣಗುತ್ತಿದ್ದಂತೆ ನುಸಿಗಳು ತಾವಾಗಿಯೇ ಹಸಿ ಎಲೆಗೆ ಹೋಗುತ್ತವೆ.

ನುಸಿ ಒಯ್ಯುವುದು ಏನನ್ನು? ಅದು ಒಂದು ವೈರಸ್ ಎಂದು ಗೊತ್ತಾಗಲು 2000ದ ಸುಮಾರಿನ ತನಕ ಕಾಯಬೇಕಾಯಿತು. ಅಂದರೆ ಸುಮಾರು 70 ವರ್ಷ! ಈ ವೈರಸ್‌ನಲ್ಲೂ ಊರಿಗೊಂದು ಬಗೆ ಇದೆ. ಪಟಾನ್‌ಚೆರುವಿನಲ್ಲಿ ತಡೆದ ಕೆಲವು ತಳಿಗಳು ಬೆಂಗಳೂರಿನಲ್ಲಿ ಸೋತವು. ಆದ್ದರಿಂದ ಒಂದು ಕಡೆಯ ಫಲಿತಾಂಶವನ್ನು ಎಲ್ಲ ಕಡೆಗೂ ಹೇಳುವಂತಿಲ್ಲ.

ನೆಟೆ, ಗೊಡ್ಡು ಎರಡನ್ನೂ ತಡೆಯುವ "ಆಶಾ" ತಳಿ 1993ರಲ್ಲಿ ಬಂತು. 2011ರಲ್ಲಿ ವಿಜ್ಞಾನಿಗಳು ಇದೇ ಆಶಾದ ವಂಶವಾಹಿಗಳ ನಕ್ಷೆ ತಯಾರಿಸಿದರು. ಆದರೆ ಇದು ಮಾರುತಿಗಿಂತ ತಡವಾಗಿ ಕೊಯ್ಲಿಗೆ ಬರುತ್ತದೆ. ಮಳೆ ಬೇಗ ನಿಂತರೆ ಒಣ ಹೊಲದವರಿಗೆ ಕಷ್ಟ. ಹೀಗಾಗಿ ತಳಿ ಹುಡುಕುವ ಕೆಲಸ ಮುಗಿಯುವುದೇ ಇಲ್ಲ. ನೆಟೆ ತಡೆಯುವ ಟಿಎಸ್-3ಆರ್ ತಳಿ ನಮ್ಮ ಕಲಬುರಗಿಯ ಸಂಶೋಧನಾ ಕೇಂದ್ರದ್ದೇ.

ಬೀಜ ಕೆಡುವುದು ಯಾಕೆ?

ಅಪ್ಪ ಹೇಳಿದ ಬೀಜದ ಮಾತಿನಲ್ಲೂ ಸ್ವಲ್ಪ ಖರೆ ಇರಬಹುದು. ಆದರೆ ಯಾರೋ ಮೋಸ ಮಾಡಿದ್ದಾರೆಂದೇ ಅಲ್ಲ. ಜೇನುಹುಳ ಬದುವಿನ ಆಚೆಯ ತೊಗರಿ ಹೂವಿನ ಪರಾಗ ತಂದು ನಮ್ಮ ಹೂವಿಗೆ ಹಚ್ಚುತ್ತದೆ. ಆಗ ರೋಗ ತಡೆಯುವ ಗಿಡಕ್ಕೂ ಬೆರಕೆ ಬೀಜ ಆಗುತ್ತದೆ. ಅದನ್ನೇ ವರ್ಷಾ ವರ್ಷಾ ಬಿತ್ತಿದರೆ ತಡೆಯುವ ಗುಣ ಕಡಿಮೆಯಾಗುತ್ತದೆ. ಅದಕ್ಕೇ ಸಂಶೋಧನಾ ಕೇಂದ್ರಗಳಲ್ಲಿ ತಳಿಯ ಬೀಜ ಶುದ್ಧವಾಗಿ ಉಳಿಯಲೆಂದು ಹೂ ಬಿಡುವ ಮೊದಲೇ ಗಿಡಕ್ಕೆ ತೆಳು ಬಟ್ಟೆ ಚೀಲ ಕಟ್ಟುತ್ತಾರೆ.

ಮುತ್ಯಾನ ಮಾತು

ತೊಗರಿಯನ್ನು ಜೋಳದ ಜೊತೆ ಅಕ್ಕಡಿಯಾಗಿ ಬಿತ್ತಿದರೆ, ಅಥವಾ ಒಂದು ವರ್ಷ ಬಿಟ್ಟು ಜೋಳ ಹಾಕಿದರೆ ನೆಟೆ ಕಡಿಮೆಯಾಗುತ್ತದೆ ಎಂದು ಇಕ್ರಿಸ್ಯಾಟ್ ಪ್ರಯೋಗಗಳಲ್ಲಿ ಕಂಡಿದೆ. ಈ ಶಿಲೀಂಧ್ರ ಜೋಳಕ್ಕೆ ನೆಟೆ ತರುವುದಿಲ್ಲ. ಮುತ್ಯಾ ಶಾಲೆ ಕಲಿತಿಲ್ಲ, ಆದರೆ ಅವರ ಮಾತು ಪರೀಕ್ಷೆಯಲ್ಲಿ ಪಾಸಾಯಿತು!

ನಾವೇ ಮಾಡಿ ನೋಡೋಣ

ಬೇಕಾಗುವ ಸಾಮಾನು: ಒಂದೇ ಅಳತೆಯ 9 ಹಳೆ ಡಬ್ಬಿ, ಒಂದೇ ಚೀಲದ ತೊಗರಿ ಬೀಜ.

1. ಮೂರು ಡಬ್ಬಿಗೆ ನೆಟೆ ಬಿದ್ದ ಜಾಗದ ಮಣ್ಣು.
2. ಮೂರು ಡಬ್ಬಿಗೆ ಅದೇ ಮಣ್ಣು. ಆದರೆ ನೀರು ಚಿಮುಕಿಸಿ ಒಲೆಯ ಮೇಲೆ ಚೆನ್ನಾಗಿ ಕಾಯಿಸಿ ಆರಿಸಿದ್ದು.
3. ಮೂರು ಡಬ್ಬಿಗೆ ನೆಟೆ ಬೀಳದ ಹೊಲದ ಮಣ್ಣು.

ಎಲ್ಲದಕ್ಕೂ ಅಷ್ಟೇ ಬೀಜ, ಅಷ್ಟೇ ನೀರು, ಅಷ್ಟೇ ಬಿಸಿಲು. ಎರಡು ತಿಂಗಳು ದಿನಾಲೂ ಲೆಕ್ಕ ಬರೆಯಬೇಕು. ಬರೀ ಮೊದಲನೇ ಡಬ್ಬಿಗಳಲ್ಲಿ ಗಿಡ ಸತ್ತರೆ ಏನು ತಿಳಿಯಬೇಕು? ಬೀಜ ಒಂದೇ ಆದ್ದರಿಂದ ತಪ್ಪು ಬೀಜದ್ದಷ್ಟೇ ಅಲ್ಲ. ಕಾಯಿಸಿದ ಮಣ್ಣಿನಲ್ಲಿ ಗಿಡ ಬದುಕಿದರೆ, ಶಾಖಕ್ಕೆ ಸಾಯುವ ಯಾವುದೋ ಜೀವಿ ಆ ಮಣ್ಣಿನಲ್ಲಿತ್ತು ಎಂದಾಗುತ್ತದೆ. ಯಾವ ಡಬ್ಬಿಯಲ್ಲೂ ಸಾಯದಿದ್ದರೆ ಅದನ್ನೂ ಹಾಗೆಯೇ ಬರೆಯಬೇಕು, ಸುಳ್ಳು ಬರೆಯಬಾರದು.

ಎಚ್ಚರಿಕೆ: ರೋಗದ ಮಣ್ಣನ್ನು ಬೇರೆಯವರ ಹೊಲದಲ್ಲಿ ಚೆಲ್ಲಬೇಡಿ. ಎಲ್ಲಿಂದ ತಂದಿರೋ ಅಲ್ಲಿಗೇ ಹಾಕಿ.

ಹೆಚ್ಚಿಗೆ ಕೇಳಬೇಕಾದರೆ ಶಹಾಪುರ ಕಡೆಯವರಿಗೆ ಭೀಮರಾಯನಗುಡಿಯ ಕೃಷಿ ಕಾಲೇಜು ಇದೆ, ಸುರಪುರ ಕಡೆಯವರಿಗೆ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಇದೆ.

ನಾನು ಸೀಳಿದ ಕಾಂಡ ತೋರಿಸಿದ ಮೇಲೆ ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಕಡೆಗೆ, "ಮುಂದಿನ ವರ್ಷ ಅರ್ಧ ಹೊಲಕ್ಕ ಜೋಳ ಹಾಕಿ ನೋಡಮು" ಎಂದರು. ಅರ್ಧ ಜೋಳ, ಅರ್ಧ ತೊಗರಿ. ಹೋಲಿಸಲು ಎರಡು ಭಾಗ ಆಯಿತಲ್ಲವೇ? ಆ ಜೋಳದ ಭಾಗಕ್ಕೆ ಮತ್ತೆ ತೊಗರಿ ಹಾಕಿದಾಗ ಗಿಡ ಎಣಿಸಿ, ಫಲಿತಾಂಶವನ್ನು ಇದೇ ಗೋಡೆ ಪತ್ರಿಕೆಯಲ್ಲಿ ಬರೆಯುತ್ತೇನೆ.

– 9ನೇ ತರಗತಿ