ಮೊಮ್ಮಗನ ಬೈಕು, ತಾತನ ಸ್ಕ್ರೂಡ್ರೈವರ್

"ತಾತ, ನಂಗೆ 18,000 ರೂಪಾಯಿ ಬೇಕಿತ್ತು."

ಭಾನುವಾರ ಬೆಳಿಗ್ಗೆ ವರಾಂಡದಲ್ಲಿ ಪೇಪರ್ ಓದುತ್ತ ಕುಳಿತಿದ್ದೆ. ಮೊಮ್ಮಗ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ, ಕಾಲೇಜಿನ ಫೀಸು ಇರಬೇಕು ಎಂದುಕೊಂಡೆ. ಅದಲ್ಲವಂತೆ. ಎರಡು ವರ್ಷದ ಹಿಂದೆ ಕೊಂಡ ಅವನ 200 ಸಿಸಿ ಬೈಕಿಗೆ 'ಇಸಿಯು ರೀಮ್ಯಾಪ್' ಮಾಡಿಸಬೇಕಂತೆ. ಬೆಂಗಳೂರಿನಲ್ಲಿ ಒಬ್ಬರು ಲ್ಯಾಪ್‌ಟಾಪ್ ಜೋಡಿಸಿ ಎರಡೇ ಗಂಟೆಯಲ್ಲಿ ಮಾಡಿಕೊಡುತ್ತಾರಂತೆ. ಆಮೇಲೆ ಗಾಡಿ ಚಿರತೆಯ ಹಾಗೆ ನುಗ್ಗುತ್ತದಂತೆ.

"ಚೆನ್ನಾಗಿ ಓಡ್ತಿರೋ ಗಾಡೀನ ಯಾಕೋ ಕೆಡಿಸ್ತೀಯಾ?" ಅಡುಗೆಮನೆಯಿಂದ ಅವನ ಅಜ್ಜಿಯ ದನಿ ಬಂತು.

"ರೀಮ್ಯಾಪ್ ಅಂದ್ರೆ ಏನು ತಾತ?" ಎಂಟನೇ ಕ್ಲಾಸಿನ ಮೊಮ್ಮಗಳು ಹೋಂವರ್ಕ್ ಬಿಟ್ಟು ಎದ್ದು ಬಂದಳು.

'ಬೇಡ' ಎನ್ನಲು ಬಾಯಿ ತೆರೆದವನು ಸುಮ್ಮನಾದೆ. ಹಾಗೆನ್ನುವ ಯೋಗ್ಯತೆ ನನಗಿರಲಿಲ್ಲ. ಇದೇ ಕೆಲಸವನ್ನು 1980ರಲ್ಲಿ ನಾನೂ ಮಾಡಿದ್ದೆ, ಲ್ಯಾಪ್‌ಟಾಪ್ ಇಲ್ಲದೆ, ಒಂದು ಸ್ಕ್ರೂಡ್ರೈವರ್ ಹಿಡಿದು. ಆ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಮೊಮ್ಮಗಳ ಪ್ರಶ್ನೆಗೆ ಉತ್ತರ ಹೇಳಬೇಕಲ್ಲ.

ಎಂಜಿನ್ನಿನ ಮಗ್ಗಿ ಪುಸ್ತಕ

ಪೆಟ್ರೋಲ್ ಉರಿಯಬೇಕಾದರೆ ಗಾಳಿ ಬೇಕು. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕಾಗುತ್ತದೆ. ಗಾಳಿ ಹಗುರ, ಆದ್ದರಿಂದ ಒಂದು ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ 9,000 ಲೀಟರ್ ಗಾಳಿ ಹಿಡಿಯುತ್ತದೆ. ಏಳು ಅಡಿ ಉದ್ದ, ಏಳು ಅಡಿ ಅಗಲ, ಏಳು ಅಡಿ ಎತ್ತರದ ಒಂದು ಕೋಣೆಯ ತುಂಬ ಗಾಳಿ ಎಂದುಕೊಳ್ಳಿ. ಪೆಟ್ರೋಲ್ ಹೆಚ್ಚಾದರೆ ಹೊಗೆ, ಮಸಿ, ದುಡ್ಡು ದಂಡ. ಕಡಿಮೆಯಾದರೆ ಎಂಜಿನ್ ಮಿತಿಮೀರಿ ಬಿಸಿಯಾಗಬಹುದು.

ನಮ್ಮ ಕಾಲದಲ್ಲಿ ಈ ಅಳತೆಯನ್ನು ನೋಡಿಕೊಳ್ಳುತ್ತಿದ್ದುದು ಕಾರ್ಬುರೇಟರ್. ಅದರೊಳಗೆ ಸೂಜಿ, ತೂತಿರುವ ಪುಟ್ಟ ಹಿತ್ತಾಳೆ ಜೆಟ್ಟು, ತಿರುಗಿಸಲು ಒಂದೆರಡು ಸ್ಕ್ರೂ, ಇಷ್ಟೇ. ಅದಕ್ಕೆ ಬುದ್ಧಿ ಇರಲಿಲ್ಲ. ಮೈಸೂರಿನಲ್ಲಿ ಸರಿಯಾಗಿ ಓಡಿದ ಗಾಡಿ ಊಟಿಯ ಘಾಟಿ ಹತ್ತಿದರೆ ಮುಕ್ಕರಿಯುತ್ತಿತ್ತು. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಕಾರ್ಬುರೇಟರ್ ಮಾತ್ರ ಪೆಟ್ರೋಲನ್ನು ಅದಕ್ಕೆ ತಕ್ಕಷ್ಟು ಇಳಿಸುತ್ತಿರಲಿಲ್ಲ.

2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಬಿಎಸ್-6 ಹೊಗೆ ನಿಯಮ ಜಾರಿಗೆ ಬಂತು. ಹೊಸ ಬೈಕುಗಳಲ್ಲಿ ಬಹುತೇಕ ಎಲ್ಲಕ್ಕೂ ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಈಗ ಪೆಟ್ರೋಲನ್ನು ಅಳೆದು ಚಿಮ್ಮಿಸುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್ ಪೆಟ್ಟಿಗೆ. ಗಾಳಿಯ ಒತ್ತಡ, ಎಂಜಿನ್ನಿನ ಶಾಖ, ಆಕ್ಸಿಲರೇಟರ್ ಎಷ್ಟು ತಿರುಗಿದೆ, ಸೈಲೆನ್ಸರ್ ಕೊಳವೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ, ಎಲ್ಲವನ್ನೂ ಸೆನ್ಸರ್‌ಗಳು ಅದಕ್ಕೆ ತಿಳಿಸುತ್ತವೆ.

"ನಿನ್ನ ಮಗ್ಗಿ ಪುಸ್ತಕ ಇದೆಯಲ್ಲ, ಅಂಥದ್ದೊಂದು ಆ ಪೆಟ್ಟಿಗೆಯೊಳಗೂ ಇದೆ ಕಣಮ್ಮ" ಎಂದೆ ಮೊಮ್ಮಗಳಿಗೆ. "ಒಂದು ಕಡೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗ್ತಿದೆ ಅಂತ. ಇನ್ನೊಂದು ಕಡೆ ಆಕ್ಸಿಲರೇಟರ್ ಎಷ್ಟು ತೆರೆದಿದೆ ಅಂತ. ಎರಡೂ ಸೇರೋ ಮನೆಯಲ್ಲಿ ಎಷ್ಟು ಪೆಟ್ರೋಲ್ ಬಿಡಬೇಕು ಅನ್ನೋ ಅಂಕಿ. ಕಿಡಿ ಯಾವಾಗ ಹಾರಿಸಬೇಕು ಅನ್ನೋದಕ್ಕೆ ಇನ್ನೊಂದು ಮಗ್ಗಿ. ಈ ಮಗ್ಗಿಗೆ ಮ್ಯಾಪ್ ಅಂತಾರೆ. ಅಂಕಿ ತಿದ್ದಿದರೆ ರೀಮ್ಯಾಪ್."

ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗಿದರೆ, ನಾಲ್ಕು ಸ್ಟ್ರೋಕಿನ ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯುವುದು 2,000 ಸಲ. ಸೆಕೆಂಡಿಗೆ 33 ಸಲ! ಪ್ರತಿ ಸಲವೂ ಪೆಟ್ಟಿಗೆ ಮಗ್ಗಿ ನೋಡಿ ಲೆಕ್ಕ ಹಾಕುತ್ತದೆ.

ಕಂಪನಿ ಯಾಕೆ ಬಿಗಿ ಹಿಡಿದಿದೆ?

"ಕಂಪನಿಯವರು ಬೇಕಂತಲೇ ಎಂಜಿನ್ನಿನ ಶಕ್ತಿ ತಡೆದು ಇಟ್ಟಿರ್ತಾರೆ ತಾತ" ಎಂದ ಮೊಮ್ಮಗ.

ಅವನ ಮಾತು ಪೂರ್ತಿ ಸುಳ್ಳಲ್ಲ. ಕಂಪನಿ ಒಂದೇ ಮಗ್ಗಿಯಲ್ಲಿ ಎಲ್ಲರನ್ನೂ ಸಂಭಾಳಿಸಬೇಕು. ರಾಜಸ್ಥಾನದ ಬಿಸಿಲು, ಲಡಾಖಿನ ಚಳಿ, ಹಳ್ಳಿಯ ಬಂಕಿನ ಪೆಟ್ರೋಲ್, ಸರ್ವೀಸ್ ತಪ್ಪಿಸುವ ಸವಾರ, ಮೈಲೇಜ್ ಕೇಳುವ ಮನೆಯವರು, ಹೊಗೆಯ ಕಾಯ್ದೆ. ಇಷ್ಟಕ್ಕೂ ಒಗ್ಗುವಂತೆ ಮಾಡುವಾಗ ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟಿರುತ್ತಾರೆ. ಮದುವೆ ಮನೆಯ ಸಾರಿನ ಹಾಗೆ, ಯಾರ ನಾಲಿಗೆಗೂ ತೀರಾ ಖಾರವಾಗದಂತೆ.

ಹಾಗಾಗಿ ತಿದ್ದಲು ಜಾಗ ಇದೆ. ಆದರೆ ಎಷ್ಟು? ಟರ್ಬೊ ಇರುವ ಕಾರುಗಳಲ್ಲಿ ರೀಮ್ಯಾಪಿನಿಂದ ಶಕ್ತಿ ಚೆನ್ನಾಗಿಯೇ ಹೆಚ್ಚುತ್ತದೆ, ಅಲ್ಲಿ ಗಾಳಿಯನ್ನೇ ಹೆಚ್ಚು ತುಂಬಬಹುದು. ನಮ್ಮ ಸಣ್ಣ ಬೈಕು ತಾನಾಗಿ ಎಳೆದುಕೊಂಡಷ್ಟೇ ಗಾಳಿ. ಬೇರೇನೂ ಬದಲಿಸದೆ ಬರೀ ಅಂಕಿ ತಿದ್ದಿದರೆ ಒಂದೆರಡು ಅಶ್ವಶಕ್ತಿ ಸಿಕ್ಕರೆ ಅದೇ ದೊಡ್ಡದು. ಆಕ್ಸಿಲರೇಟರ್ ತಿರುಗಿಸಿದಾಗ ಎಳೆತ ನಯವಾಗಬಹುದು, ಅದು ನಿಜ. ರೇಸಿನವರು, ಸೈಲೆನ್ಸರ್ ಮತ್ತು ಏರ್ ಫಿಲ್ಟರ್ ಬದಲಿಸಿಕೊಂಡವರು ರೀಮ್ಯಾಪ್ ಮಾಡಿಸಲೇಬೇಕಾಗುತ್ತದೆ. ಅಲ್ಲಿ ಗಾಳಿಯ ಲೆಕ್ಕವೇ ಬದಲಾಗಿರುತ್ತದೆ.

1980ರ ಸ್ಕ್ರೂಡ್ರೈವರ್

ಈಗ ನನ್ನ ಕಥೆ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಕಿಕ್ಕರನ್ನೇ ಮಡಚಿ ಗೇರ್ ಲಿವರ್ ಮಾಡಿಕೊಳ್ಳುವ ಆ ಬೈಕುಗಳು ನಮ್ಮೂರಿನ ಹೆಮ್ಮೆ. ನಾನೂ ಹಳೆಯ ಯೆಜ್ಡಿ ಒಂದನ್ನು ಕೊಂಡಿದ್ದೆ. ಎರಡು ಸ್ಟ್ರೋಕಿನ ಎಂಜಿನ್, ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕಬೇಕು.

ಆಗ ಪೆಟ್ರೋಲ್ ಬೆಲೆ ಏರುತ್ತಿತ್ತು, ಗುಮಾಸ್ತನ ಸಂಬಳ ಏರುತ್ತಿರಲಿಲ್ಲ. ಸಹೋದ್ಯೋಗಿಯೊಬ್ಬರು ಉಪಾಯ ಹೇಳಿದರು. ಅದರಂತೆ ಒಂದು ಸಂಜೆ ಕಾರ್ಬುರೇಟರ್ ಬಿಚ್ಚಿ, ಸೂಜಿಯನ್ನು ಒಂದು ಕಚ್ಚು ಕೆಳಗಿಳಿಸಿ, ಸಣ್ಣ ತೂತಿನ ಜೆಟ್ ಹಾಕಿದೆ. ಮೈಲೇಜ್ ಹೆಚ್ಚಾಯಿತು. ಒಂದು ವಾರ ಬೀಗುತ್ತ ಓಡಾಡಿದೆ.

ಮುಂದಿನ ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ನಂಜನಗೂಡಿಗೆ ಹೊರಟೆ. ಬಿಸಿಲು ಏರಿತ್ತು, ದಾರಿ ನೇರವಾಗಿತ್ತು, ವೇಗ ಹೆಚ್ಚಿಸಿದೆ. ಇದ್ದಕ್ಕಿದ್ದಂತೆ ಎಂಜಿನ್ ಸೀಜ್ ಆಯಿತು. ಹಿಂದಿನ ಚಕ್ರ ಹಿಡಿದುಕೊಂಡಿತು. ಕ್ಲಚ್ ಹಿಡಿಯುವಷ್ಟರಲ್ಲಿ ಇಬ್ಬರೂ ರಸ್ತೆಯ ಮೇಲಿದ್ದೆವು. ನನಗೆ ತರಚು ಗಾಯ. ಅವಳ ಬಲಗೈ ಮೊಣಕೈ ಹತ್ತಿರ ಮುರಿಯಿತು. ಇವತ್ತಿಗೂ ಆ ಕೈ ಪೂರ್ತಿ ನೆಟ್ಟಗಾಗುವುದಿಲ್ಲ.

ಕಾರಣ ಸರಳ. ನಾನು ಪೆಟ್ರೋಲ್ ಕಡಿಮೆ ಮಾಡಿದ್ದೆ. ಆಯಿಲ್ ಬರುತ್ತಿದ್ದುದು ಪೆಟ್ರೋಲಿನ ಜೊತೆಗೇ, ಹಾಗಾಗಿ ಅದೂ ಕಡಿಮೆಯಾಯಿತು. ಬಿಸಿ ಹೆಚ್ಚಾಗಿ ಪಿಸ್ಟನ್ ಹಿಗ್ಗಿ ಸಿಲಿಂಡರನ್ನು ಕಚ್ಚಿಕೊಂಡಿತು. ಗಾಡಿಯದು ತಪ್ಪಲ್ಲ, ತಪ್ಪು ನನ್ನದು. ಆದರೆ ಮನೆಯಲ್ಲಿ ನಾನು ಹೇಳಿದ್ದು 'ಪೆಟ್ರೋಲ್ ಕಲಬೆರಕೆ ಇತ್ತು' ಎಂದು. 45 ವರ್ಷ ಅದೇ ಮಾತನ್ನು ಹೇಳಿಕೊಂಡು ಬಂದಿದ್ದೆ.

ಅವತ್ತು ವರಾಂಡದಲ್ಲಿ ಮಕ್ಕಳೆದುರು ನಿಜ ಹೇಳಿದೆ. ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು. "ನೀವು ಸ್ಕ್ರೂಡ್ರೈವರ್ ಹಿಡಿದಿದ್ದನ್ನ ನಾನು ನೋಡಿರಲಿಲ್ವಾ? ನೀವೇ ಹೇಳ್ತೀರಾ ಅಂತ ಕಾಯ್ತಿದ್ದೆ" ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು.

ಜಮಾ–ಖರ್ಚು

ಆಮೇಲೆ ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆದೆ. ಬ್ಯಾಂಕಿನಲ್ಲಿ ಕಲಿತ ವಿದ್ಯೆ ಅದೊಂದೇ. ಜಮಾ ಕಡೆ ಮೊಮ್ಮಗನೇ ಬರೆದ: ಸ್ವಲ್ಪ ಶಕ್ತಿ, ನಯವಾದ ಎಳೆತ, ಖುಷಿ. ಖುಷಿಯನ್ನು ನಾನು ಹೊಡೆದುಹಾಕಲಿಲ್ಲ. ಆ ವಯಸ್ಸಿನಲ್ಲಿ ಅದಕ್ಕೂ ಬೆಲೆ ಇದೆ.

ಖರ್ಚಿನ ಕಡೆ ಇಬ್ಬರೂ ಸೇರಿ ಬರೆದೆವು. ಒಂದು, ವಾರಂಟಿ ಇನ್ನೂ ಮುಗಿದಿಲ್ಲ. ಇಸಿಯು ಮುಟ್ಟಿದರೆ ಎಂಜಿನ್ನಿನ ರಿಪೇರಿಗೆ ಕಂಪನಿ ಕೈ ಎತ್ತಬಹುದು. ಎರಡು, ಮೋಟಾರು ವಾಹನ ಕಾಯ್ದೆ 1988ರ ಕಲಂ 52. ನೋಂದಣಿ ಪತ್ರದಲ್ಲಿ ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸಬಾರದು ಎನ್ನುತ್ತದೆ ಅದು. ಮೂರು, ಮಾರ್ಪಾಡನ್ನು ತಿಳಿಸದಿದ್ದರೆ ಅಪಘಾತವಾದಾಗ ವಿಮೆಯವರ ಜೊತೆ ತಕರಾರು. ನಾಲ್ಕು, ಕಿಡಿಯನ್ನು ಬೇಗ ಹಾರಿಸುವಂತೆ ತಿದ್ದಿದರೆ ದುಬಾರಿ, ಹೆಚ್ಚು ಆಕ್ಟೇನ್ ಪೆಟ್ರೋಲೇ ಬೇಕಾಗಬಹುದು. ಮಾಮೂಲಿ ಪೆಟ್ರೋಲ್ ಹಾಕಿದರೆ ಎಂಜಿನ್ ಕಟಕಟ ಎನ್ನುತ್ತದೆ, ಪಿಸ್ಟನ್ನಿಗೆ ಪೆಟ್ಟು ಬೀಳುತ್ತದೆ. ಐದು, ಹೊಗೆ. ಅದನ್ನು ಕುಡಿಯುವವರು ಬೀದಿಯವರು, ಅವರ ಒಪ್ಪಿಗೆ ಯಾರೂ ಕೇಳುವುದಿಲ್ಲ.

ಕೊನೆಗೆ ಕೇಳಿದೆ: "ಈಗಿನ ಗಾಡೀಲಿ ನಿಂಗೆ ಏನು ಸಾಲದು ಹೇಳು."

ಅವನು ಯೋಚಿಸಿ ಹೇಳಿದ: "ಟ್ರಾಫಿಕ್‌ನಲ್ಲಿ ಜರ್ಕ್ ಹೊಡೆಯತ್ತೆ ತಾತ. ಎಳೆತ ಮೊದಲಿನ ಥರ ಇಲ್ಲ."

'ಮೊದಲಿನ ಥರ ಇಲ್ಲ' ಎಂದರೆ ಮೊದಲು ಇತ್ತು ಎಂದಾಯಿತು. ಮಗ್ಗಿ ತಾನಾಗಿ ಬದಲಾಗಿರಲಾರದು. ಇಬ್ಬರೂ ಅಂಗಳಕ್ಕೆ ಇಳಿದೆವು. ಚೈನು ಒಣಗಿ ಜೋತುಬಿದ್ದಿತ್ತು. ಎರಡೂ ಟೈರಿನಲ್ಲಿ ಗಾಳಿ ಕಡಿಮೆ. ಏರ್ ಫಿಲ್ಟರ್ ತೆಗೆದರೆ ಧೂಳು ಮೆತ್ತಿಕೊಂಡಿತ್ತು. ಮೊಮ್ಮಗಳು ಟಾರ್ಚ್ ಹಿಡಿದಳು. ಮರುದಿನ ಅವನು ಸರ್ವೀಸಿಗೆ ಬಿಟ್ಟು ಫಿಲ್ಟರ್, ಸ್ಪಾರ್ಕ್ ಪ್ಲಗ್ ಬದಲಿಸಿ, ಚೈನ್ ಬಿಗಿ ಮಾಡಿಸಿ ತಂದ. ಇಸಿಯುವಿಗೆ ಕಂಪನಿಯೇ ಕೊಡುವ ಹೊಸ ಸಾಫ್ಟ್‌ವೇರ್ ಇದೆಯೇ ಎಂದೂ ವಿಚಾರಿಸಿದ. ಅವನ ಗಾಡಿಗೆ ಇರಲಿಲ್ಲ. ಸಂಜೆ ಒಂದು ಸುತ್ತು ಹೋಗಿ ಬಂದವನ ಮುಖ ನೋಡಿಯೇ ಗೊತ್ತಾಯಿತು, ಜರ್ಕ್ ಮುಕ್ಕಾಲು ಪಾಲು ಹೋಗಿದೆ.

ಕೊಡಬೇಕಿದ್ದ ದುಡ್ಡನ್ನು ನಾನು ಪೂರ್ತಿ ಉಳಿಸಿಕೊಳ್ಳಲಿಲ್ಲ. ಸವೆದ ಹಿಂದಿನ ಟೈರಿಗೆ ಬದಲಾಗಿ ಹೊಸದೊಂದು, ಹಿಂದೆ ಕೂರುವವರಿಗೆ ಐಎಸ್ಐ ಗುರುತಿನ ಹೆಲ್ಮೆಟ್ ಒಂದು ಕೊಡಿಸಿದೆ. ವಾರಂಟಿ ಮುಗಿದ ಮೇಲೆ ಮತ್ತೆ ಯೋಚಿಸುತ್ತಾನಂತೆ. ಆಗಲಿ. ಒಂದು ಮಾತು ಮಾತ್ರ ಹೇಳಿದ್ದೇನೆ: ಮಾಡಿಸುವುದೇ ಆದರೆ ಡೈನೊ ಯಂತ್ರದ ಮೇಲೆ ಗಾಡಿ ಓಡಿಸಿ, ಗಾಳಿ-ಪೆಟ್ರೋಲಿನ ಅಳತೆ ನೋಡಿ ತಿದ್ದುವವರ ಹತ್ತಿರ ಹೋಗು. ಹಳೆಯ ಮ್ಯಾಪಿನ ಒಂದು ಪ್ರತಿ ತೆಗೆದಿಟ್ಟುಕೋ. ಕಾಯ್ದೆ ಒಪ್ಪುತ್ತದೆಯೇ ಎಂದು ಮೊದಲು ಕೇಳು. ಏನು ಮಾಡಿದೆ ಎಂಬುದನ್ನು ಮನೆಯಲ್ಲಿ ಹೇಳು.

ನನ್ನ ಓರಗೆಯ ಅಜ್ಜ-ಅಜ್ಜಿಯರಿಗೂ ಒಂದು ಮಾತು. ಮಕ್ಕಳು ಇಂಥದ್ದು ಕೇಳಿದಾಗ ಕೂಡಲೇ 'ಬೇಡ' ಎನ್ನಬೇಡಿ. 'ಈಗಿರುವುದರಲ್ಲಿ ಏನು ಸಾಲದು?' ಎಂದು ಕೇಳಿ ನೋಡಿ.

ಹೋದ ಭಾನುವಾರ ಆ ಹೊಸ ಹೆಲ್ಮೆಟ್ ಹಾಕಿಕೊಂಡು ಅವನ ಹಿಂದೆ ಕುಳಿತು ನಂಜನಗೂಡಿಗೆ ಹೋಗಿ ಬಂದವಳು ಅವನ ಅಜ್ಜಿ. ಅವರು ವಾಪಸು ಬರುವವರೆಗೂ ನಾನು ಗೇಟಿನ ಹತ್ತಿರವೇ ನಿಂತಿದ್ದೆ.