ಗೋಡೆಯ ನೀರು ಎಲ್ಲಿಂದ ಬಂತು?

ಮಕ್ಕಳೇ, ಚಿಂಬಲ್‌ನ ಇಳಿಜಾರಿನಲ್ಲಿ ನಮ್ಮ ಒಬ್ಬ ವಿದ್ಯಾರ್ಥಿನಿಯ ಮನೆ ಇದೆ. ರಸ್ತೆಯಿಂದ ನೋಡಿದರೆ ಒಂದೇ ಅಂತಸ್ತು. ಮೆಟ್ಟಿಲಿಳಿದರೆ ಕೆಳಗೊಂದು ಖೋಲಿ. ಅದರ ಹಿಂದಿನ ಗೋಡೆಗೆ ಗುಡ್ಡದ ಮಣ್ಣೇ ಒರಗಿದೆ. ಹಳೇ ಸೈಕಲ್, ಸಿಮೆಂಟ್ ಚೀಲ, ಕಟ್ಟಿಗೆ ಇಡುತ್ತಿದ್ದ ಜಾಗ ಅದು. ಮಗಳು ಹತ್ತನೇ ತರಗತಿಗೆ ಬಂದಳು, ಅಲ್ಲೇ ಓದಿ ಮಲಗಲಿ ಅಂತ ಮೇ ತಿಂಗಳಲ್ಲಿ ಖಾಲಿ ಮಾಡಿ, ಬಣ್ಣ ಹೊಡೆಸಿ, ಮಂಚ ಹಾಕಿದರು. ಜುಲೈ ಹೊತ್ತಿಗೆ ಬಣ್ಣ ಗುಳ್ಳೆ ಎದ್ದು ಉದುರಿತು, ಪುಸ್ತಕಗಳಿಗೆ ಬೂಷ್ಟು ಬಂತು, ಹುಡುಗಿಗೆ ಕೆಮ್ಮು ಶುರುವಾಯಿತು.

"ಸರ್, ಇನ್ನೊಂದು ಕೈ ಪೇಂಟ್ ಹೊಡದ್ರ ಆಗೂದಿಲ್ಲೇನ್ರೀ?" ಎಂದು ಅವಳ ತಾಯಿ ಕೇಳಿದರು.

ಆಗುವುದಿಲ್ಲ. ಬಣ್ಣ ನೀರನ್ನು ನಿಲ್ಲಿಸುವುದಿಲ್ಲ, ಸ್ವಲ್ಪ ದಿನ ಮುಚ್ಚಿಡುತ್ತದೆ ಅಷ್ಟೇ. ನೀರು ಯಾವ ದಾರಿಯಿಂದ ಬರುತ್ತಿದೆ ಎಂದು ಮೊದಲು ತಿಳಿಯಬೇಕು.

ಒಂದನೇ ದಾರಿ ಗೋಡೆ. ಗೋವಾದ ಹಳೆಯ ಮನೆಗಳು ಹೆಚ್ಚಾಗಿ ಕೆಂಪು ಕಲ್ಲಿನವು. ಇದಕ್ಕೆ ವಿಜ್ಞಾನದಲ್ಲಿ ಲ್ಯಾಟರೈಟ್ ಎನ್ನುತ್ತಾರೆ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಕೊಟ್ಟ ಹೆಸರು, ಲ್ಯಾಟಿನ್‌ನಲ್ಲಿ 'ಲೇಟರ್' ಅಂದರೆ ಇಟ್ಟಿಗೆ. ಈ ಕಲ್ಲಿನ ತುಂಬ ಸಣ್ಣ ರಂಧ್ರಗಳು. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಕಲ್ಲು ಮಣ್ಣಿನ ನೀರನ್ನು ಎಳೆಯುತ್ತದೆ. ಇದೇ ನೀವು ಓದಿದ ಲೋಮನಾಳ ಕ್ರಿಯೆ. ನೀರಿನ ಜೊತೆ ಬಂದ ಲವಣ ಗೋಡೆಯ ಮೇಲೆ ಬಿಳಿ ಪುಡಿಯಾಗಿ ಉಳಿಯುತ್ತದೆ.

ಎರಡನೇ ದಾರಿ ಗಾಳಿ. 30 ಡಿಗ್ರಿ ಸೆಲ್ಸಿಯಸ್‌ನ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿ ಹಿಡಿಯಬಲ್ಲದು. 25 ಡಿಗ್ರಿಯಲ್ಲಿ ಸುಮಾರು 23 ಗ್ರಾಂ ಮಾತ್ರ. ಮಳೆಗಾಲದ ಗಾಳಿಯ ಆರ್ದ್ರತೆ ಶೇ. 90 ಇದ್ದರೆ ಅದರಲ್ಲಿ 27 ಗ್ರಾಂ ಇರುತ್ತದೆ. ಆ ಗಾಳಿ 25 ಡಿಗ್ರಿಯ ತಣ್ಣನೆಯ ನೆಲಕ್ಕೆ ತಗುಲಿ ತಣಿದರೆ? ಉಳಿದ 4 ಗ್ರಾಂ ಹನಿಯಾಗುತ್ತದೆ. ಟೈಲ್ಸ್ 'ಬೆವರುವುದು' ಹೀಗೆ.

ಇವೆರಡನ್ನು ಬೇರೆ ಮಾಡಿ ನೋಡಲು ನಾವು ಒಂದು ಪ್ರಯೋಗ ಮಾಡಿದೆವು. ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಹಿಂದಿನ ಗೋಡೆಗೆ ಒಂದು, ನೆಲಕ್ಕೆ ಒಂದು ಅಂಟಿಸಿ ಎರಡು ದಿನ ಬಿಟ್ಟೆವು. ಗೋಡೆಯ ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿತ್ತು: ನೀರು ಗೋಡೆಯಿಂದ ಬಂದಿದೆ. ನೆಲದ ಹಾಳೆಯ ಮೇಲ್ಬದಿ ಒದ್ದೆ, ಕೆಳಗೆ ಒಣ: ನೀರು ಗಾಳಿಯಿಂದ ಬಂದಿದೆ. ಒಂದೇ ಖೋಲಿ, ಎರಡು ರೋಗ!

ಔಷಧವೂ ಎರಡು. ಗೋಡೆಗೆ ಹೊರಗಿನಿಂದಲೇ ಕೆಲಸ ಆಗಬೇಕು: ಮಳೆನೀರು ಗೋಡೆಯ ಬುಡಕ್ಕೆ ಬರದಂತೆ ಗಟಾರು, ಮಣ್ಣು ತಾಗುವ ಬದಿಗೆ ನೀರು ತಡೆಯುವ ಗಿಲಾವು. ಇದು ಮಳೆ ನಿಂತ ಮೇಲೆ, ಅನುಭವಿ ಗೌಂಡಿ ಮಾಡಬೇಕಾದ ಕೆಲಸ. ನಾವೇ ಅಗೆದರೆ ಗುಡ್ಡದ ಮಣ್ಣು ಜರಿದೀತು. ಗಾಳಿಗೆ ಬೇಕಾದದ್ದು ಕಿಟಕಿ ಮತ್ತು ಫ್ಯಾನು. ನಮ್ಮಂಥ ಬಿಸಿ, ತೇವದ ಪ್ರದೇಶದಲ್ಲಿ ಕಿಟಕಿಗಳು ನೆಲದ ವಿಸ್ತೀರ್ಣದ ಆರನೇ ಒಂದು ಭಾಗ ಇರಬೇಕು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. 12 ಚದರ ಮೀಟರ್ ಖೋಲಿಗೆ 2 ಚದರ ಮೀಟರ್. ಅಲ್ಲಿದ್ದದ್ದು ಒಂದು ಸಣ್ಣ ಗವಾಕ್ಷಿ! ಮಂಚ, ಕಪಾಟನ್ನು ಗೋಡೆಯಿಂದ ಒಂದು ಗೇಣು ದೂರ ಇಟ್ಟರೆ ಹಿಂದೆಯೂ ಗಾಳಿ ಆಡುತ್ತದೆ.

ಒಂದು ಮಾತು ಮರೆಯಬೇಡಿ. ಖೋಲಿ ಒಣಗಲಿ ಎಂದು ಆ ಮನೆಯವರು ಕೆಂಡದ ಸಿಗಡಿ ಇಡಲು ಹೊರಟಿದ್ದರು. ಮುಚ್ಚಿದ ಕೋಣೆಯಲ್ಲಿ ಕೆಂಡ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕ ಸಾಗದಂತೆ ಮಾಡುತ್ತದೆ. ಮಲಗಿದವರು ಏಳದೇ ಹೋಗಬಹುದು. ಖೋಲಿ ಒದ್ದೆಯಾಗಿದ್ದರೂ ಸರಿ, ಕೆಂಡ ಬೇಡ.

ಸದ್ಯ ಹುಡುಗಿ ಮೇಲೆಯೇ ಮಲಗುತ್ತಾಳೆ. ಗಟಾರು, ಕಿಟಕಿ ಆದ ಮೇಲೆ, ಮುಂದಿನ ಮಳೆಗಾಲದಲ್ಲಿ ಮತ್ತೆ ಹಾಳೆ ಅಂಟಿಸಿ ನೋಡುತ್ತೇವೆ. ಎರಡೂ ಬದಿ ಒಣಗಿದ್ದರೆ ಮಾತ್ರ ಮಂಚ ಕೆಳಗಿಳಿಯುತ್ತದೆ. ನಿಮ್ಮ ಮನೆಯಲ್ಲಿ ಒದ್ದೆ ಗೋಡೆ ಇದ್ದರೆ ನೀವೂ ಹಾಳೆ ಅಂಟಿಸಿ. ಹನಿ ಯಾವ ಬದಿಗೆ ಬಂತು ಎಂದು ಬರೆದಿಟ್ಟುಕೊಂಡು ತರಗತಿಯಲ್ಲಿ ಹೇಳಿ.